ರಾಕ್ಷಸನ ಕೈಗೆ ಪೈಪ್ ಕೊಟ್ಟ ಕಲಾವಿದ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಈ ವಾರ ರಾಜರೂ ಇಲ್ಲ, ಯುದ್ಧವೂ ಇಲ್ಲ. ಈ ವಾರ ಬರೀ ರಾಕ್ಷಸರ ಕತೆ. ಅವರನ್ನು ಬರೆದವರು ಯಾರು, ಚಿತ್ರಿಸಿದವರು ಯಾರು, ಕೊನೆಗೆ ಅವರು ಯಾರ ಪಾಲಾದರು ಅನ್ನೋ ಕತೆ.

2016ರಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಸ್ಟ್ರೇಂಜರ್ ಥಿಂಗ್ಸ್ ಶುರುವಾದಾಗ ನಮ್ಮ ಮನೆಯ ಹುಡುಗರ ಬಾಯಲ್ಲೂ ಡೆಮೊಗಾರ್ಗನ್ ಅನ್ನೋ ಪದ ಬಂತು. ಆಮೇಲೆ ಮೈಂಡ್ ಫ್ಲೇಯರ್ ಬಂತು, ವೆಕ್ನಾ ಬಂತು. ಆ ಸೀರಿಯಲ್‌ನಲ್ಲಿ ನಾಲ್ಕು ಹುಡುಗರು ಮನೆಯ ನೆಲಮಾಳಿಗೆಯಲ್ಲಿ ಕೂತು ಒಂದು ಆಟ ಆಡ್ತಾರೆ. ಆ ಆಟದ ಹೆಸರು ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್. ನಾನು ಇವತ್ತು ಹೇಳೋ ಭೂತ, ಮೃಗ, ದೈತ್ಯರೆಲ್ಲ ಆ ಆಟದ ಪುಸ್ತಕಗಳಿಂದ ಬಂದವರು. ಇವತ್ತಿನ ವಿಡಿಯೋ ಗೇಮ್‌ಗಳಲ್ಲಿ ನಿಮ್ಮ ಮಕ್ಕಳು ಹೊಡೆದುರುಳಿಸುವ ಅರ್ಧಕ್ಕರ್ಧ ಪ್ರಾಣಿಗಳ ವಂಶವೃಕ್ಷ ಹುಡುಕಿಕೊಂಡು ಹೋದರೆ ಅಲ್ಲಿಗೇ ತಲುಪ್ತೀರಿ.

ಮೊದಲು ಆಟ ಏನು ಅಂತ ಗೊತ್ತಿಲ್ಲದವರಿಗೆ ಎರಡು ಮಾತು. ಇದಕ್ಕೆ ಬೋರ್ಡ್ ಬೇಕಿಲ್ಲ. ಒಬ್ಬರು ಕತೆ ಹೇಳ್ತಾರೆ, ಉಳಿದವರು ಒಂದೊಂದು ಪಾತ್ರವಾಗ್ತಾರೆ. 'ನೀವು ಬಾಗಿಲು ತೆಗೆದಿರಿ, ಒಳಗೆ ಕತ್ತಲು, ಏನೋ ಉಸಿರಾಡ್ತಾ ಇದೆ' ಅಂತ ಕತೆಗಾರ ಹೇಳಿದರೆ, 'ನಾನು ಪಂಜು ಹಚ್ಚುತ್ತೇನೆ' ಅಂತ ಆಟಗಾರ ಹೇಳ್ತಾನೆ. ದಾಳ ಉರುಳುತ್ತೆ. ಗೆಲುವೋ ಸೋಲೋ ದಾಳ ಹೇಳುತ್ತೆ. ಇಡೀ ಆಟ ಮಾತಿನಲ್ಲೇ ನಡೆಯುತ್ತೆ. ಒಂಥರಾ ನಮ್ಮ ತಾಳಮದ್ದಳೆ ಇದ್ದ ಹಾಗೆ. ವೇಷ ಇಲ್ಲ, ಕುಣಿತ ಇಲ್ಲ, ಕೂತಲ್ಲೇ ಕುರುಕ್ಷೇತ್ರ.

1974ರ ಜನವರಿಯಲ್ಲಿ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಎಂಬ ಸಣ್ಣ ಊರಿನಿಂದ ಈ ಆಟ ಹೊರಬಂತು. ಮಾಡಿದವರು ಇಬ್ಬರು: ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್. ಗೈಗ್ಯಾಕ್ಸ್ ಮೊದಲು ಇನ್ಶೂರೆನ್ಸ್ ಕಂಪನಿಯಲ್ಲಿದ್ದವರು. ಆ ಕೆಲಸ ಹೋದ ಮೇಲೆ ಮನೆಯ ನೆಲಮಾಳಿಗೆಯಲ್ಲಿ ಬೂಟು ರಿಪೇರಿ ಮಾಡ್ತಾ ಸಂಸಾರ ತೂಗಿಸ್ತಿದ್ರು. ಮೊದಲ ಮುದ್ರಣ 1,000 ಪ್ರತಿ. ಮೂರು ಸಣ್ಣ ಪುಸ್ತಿಕೆಗಳನ್ನು ಒಂದು ಪೆಟ್ಟಿಗೆಯಲ್ಲಿಟ್ಟು 10 ಡಾಲರಿಗೆ ಮಾರಿದರು. ಪೆಟ್ಟಿಗೆಗೆ ಪುಸ್ತಿಕೆ ತುಂಬುವ ಕೆಲಸವೂ ಮನೆಯಲ್ಲೇ ನಡೀತಿತ್ತು.

ಇಂಥ ಕಂಪನಿಯಲ್ಲಿ ಚಿತ್ರಕ್ಕೆ ದುಡ್ಡೆಲ್ಲಿಂದ ಬರಬೇಕು? ಸಣ್ಣ ಚಿತ್ರಕ್ಕೆ 2 ಡಾಲರ್, ದೊಡ್ಡದಕ್ಕೆ 3 ಡಾಲರ್. ಇದು ಅವರು ಕಲಾವಿದರಿಗೆ ಕೊಟ್ಟ ದರ. ಆದರೆ ಒಂದು ಒಳ್ಳೆ ಮಾತೂ ಇತ್ತು: ಮತ್ತೆ 1,000 ಪ್ರತಿ ಮುದ್ರಿಸಿದಾಗ ಮತ್ತೆ ಅಷ್ಟೇ ದುಡ್ಡು. ಆ ಮೊದಲ ಪುಸ್ತಿಕೆಗಳ ಹಲವು ಚಿತ್ರಗಳನ್ನು ಬರೆದವರು ಗ್ರೆಗ್ ಬೆಲ್ ಎಂಬ ಯುವಕ. ನಂತರ ಅಭಿಮಾನಿಗಳು ಹೋಲಿಸಿ ನೋಡಿದಾಗ ಗೊತ್ತಾಯ್ತು, ಅದರಲ್ಲಿ ಕೆಲವು ಚಿತ್ರಗಳು ಮಾರ್ವೆಲ್ ಕಂಪನಿಯ ಸ್ಟ್ರೇಂಜ್ ಟೇಲ್ಸ್ ಕಾಮಿಕ್‌ನಿಂದ ನೋಡಿ ಬರೆದವು ಅಂತ. ಕುದುರೆ ಅದೇ, ಸವಾರನ ಭಂಗಿ ಅದೇ. ನಗಬೇಡಿ. 2 ಡಾಲರಿಗೆ ಅಷ್ಟೇ ಬರೋದು.

ಹಾಗಾಗಿ ಈ ಕತೆಯಲ್ಲಿ ಮೊದಲ ದಿನದಿಂದಲೇ ಎರಡು ವಿಷಯ ಜೊತೆಜೊತೆಗೆ ಇವೆ. ಒಂದು, ಎಲ್ಲಿಂದಲೋ ತಂದದ್ದು. ಇನ್ನೊಂದು, ಕಡಿಮೆ ಕೂಲಿ. ಮುಂದಿನ 50 ವರ್ಷದಲ್ಲಿ ಈ ಎರಡೂ ಹೋಗಲಿಲ್ಲ.

ಈಗ ಪ್ರಾಣಿಗಳ ಕಡೆ ಬರೋಣ.

ಆಟದಲ್ಲಿ ಹೋರಾಡೋಕೆ ಎದುರಾಳಿ ಬೇಕು. ಆಟಗಾರರು ವಾರವಾರ ಬರ್ತಾರೆ, ವಾರವಾರ ಹೊಸ ಭೂತ ಬೇಕು. ಗೈಗ್ಯಾಕ್ಸ್ ಅಂಗಡಿಗೆ ಹೋದರು. ಅಗ್ಗದ ಸಾಮಾನಿನ ಅಂಗಡಿಯಲ್ಲಿ ಒಂದು ಚೀಲ ಪ್ಲಾಸ್ಟಿಕ್ ಆಟಿಕೆ ಸಿಕ್ಕಿತು. ಹಾಂಗ್‌ಕಾಂಗ್‌ನಲ್ಲಿ ಮಾಡಿದ್ದು. ಡೈನೋಸಾರ್ ಅಂತ ಹೆಸರಿಗೆ ಇದ್ದರೂ ಯಾವ ಡೈನೋಸಾರೂ ಹಾಗಿರಲು ಸಾಧ್ಯವಿಲ್ಲ. ಒಂದಕ್ಕೆ ಬೆನ್ನ ಮೇಲೆ ಚಿಪ್ಪು, ಇನ್ನೊಂದಕ್ಕೆ ಬಾಲದ ತುದಿಯಲ್ಲಿ ವಿಚಿತ್ರ ರೆಕ್ಕೆ, ಮತ್ತೊಂದಕ್ಕೆ ಗೂಬೆಯಂಥ ಮೂತಿ. ಆ ಆಟಿಕೆಗಳಿಂದ ಮೂರು ಪ್ರಾಣಿಗಳು ಹುಟ್ಟಿದವು: ಬುಲೆಟ್, ಅಂದರೆ ಭೂಮಿಯೊಳಗಿಂದ ಶಾರ್ಕ್ ಮೀನಿನ ಹಾಗೆ ಏಳುವ ಪ್ರಾಣಿ, ರಸ್ಟ್ ಮಾನ್‌ಸ್ಟರ್, ಅಂದರೆ ಕಬ್ಬಿಣ ತಿಂದು ತುಕ್ಕು ಮಾಡುವ ಪ್ರಾಣಿ, ಮತ್ತು ಔಲ್‌ಬೇರ್, ಅರ್ಧ ಗೂಬೆ, ಅರ್ಧ ಕರಡಿ. ಬುಲೆಟ್ ಪ್ರಾಣಿಯನ್ನು ಬರೆದವರು ಟಿಮ್ ಕಾಸ್ಕ್. 1976ರ ಜೂನ್‌ನಲ್ಲಿ ಡ್ರ್ಯಾಗನ್ ಪತ್ರಿಕೆಯ ಮೊದಲ ಸಂಚಿಕೆಯಲ್ಲೇ ಅದು ಬಂತು.

ಆ ಆಟಿಕೆಯ ಅಚ್ಚು ಕೆತ್ತಿದವರು ಹಾಂಗ್‌ಕಾಂಗ್‌ನ ಯಾವುದೋ ಕಾರ್ಖಾನೆಯ ಕೆಲಸಗಾರರು. ಅವರ ಕೈಕೆಲಸ ಇವತ್ತು ಕೋಟಿಗಟ್ಟಲೆ ಜನ ಆಡುವ ಗೇಮ್‌ಗಳಲ್ಲಿ ಇದೆ. 2023ರಲ್ಲಿ ಬಂದ ಬಾಲ್ಡರ್ಸ್ ಗೇಟ್ 3ರಲ್ಲಿ ಔಲ್‌ಬೇರ್ ಮರಿಯೊಂದನ್ನು ಆಟಗಾರರು ಮುದ್ದಾಡ್ತಾರೆ. ಅಚ್ಚು ಕೆತ್ತಿದವರ ಹೆಸರು ಯಾವ ಪುಸ್ತಕದಲ್ಲೂ ಬಂದಿಲ್ಲ.

ಎರಡನೇ ಮೂಲ ಕತೆ ಪುಸ್ತಕಗಳು. ನನಗೆ ತುಂಬಾ ಇಷ್ಟದ ಭಾಗ ಇದು. ಯಾಕಂದ್ರೆ ನನ್ನ ಇಷ್ಟದ ಲೇಖಕರು ಎಲ್ಲ ಒಂದೇ ಪಟ್ಟಿಯಲ್ಲಿ ಸಿಗ್ತಾರೆ. 1979ರಲ್ಲಿ ಬಂದ ಡಂಜನ್ ಮಾಸ್ಟರ್ಸ್ ಗೈಡ್ ಪುಸ್ತಕದ ಕೊನೆಯಲ್ಲಿ ಗೈಗ್ಯಾಕ್ಸ್ ಒಂದು ಪುಟ ಹಾಕಿದರು, ಅನುಬಂಧ ಎನ್. ನನಗೆ ಪ್ರೇರಣೆ ಕೊಟ್ಟವರು ಇವರು ಅಂತ ಲೇಖಕರ ಹೆಸರು, ಪುಸ್ತಕದ ಹೆಸರು. ರಾಬರ್ಟ್ ಇ. ಹೋವರ್ಡ್, ಫ್ರಿಟ್ಜ್ ಲೀಬರ್, ಜ್ಯಾಕ್ ವ್ಯಾನ್ಸ್, ಲವ್‌ಕ್ರಾಫ್ಟ್, ಪೌಲ್ ಆ್ಯಂಡರ್ಸನ್, ರೋಜರ್ ಜೆಲಾಜ್ನಿ, ಲೇ ಬ್ರ್ಯಾಕೆಟ್, ಆಂಡ್ರೆ ನಾರ್ಟನ್, ಮಾರ್ಗರೆಟ್ ಸೇಂಟ್ ಕ್ಲೇರ್. ಆಟದ ನಿಯಮಗಳ ಪುಸ್ತಕದಲ್ಲಿ ಋಣ ಸಂದಾಯದ ಪುಟ ಇರೋದು ಆಗಲೂ ಅಪರೂಪ, ಈಗಲೂ ಅಪರೂಪ. ಒಂದು ತಲೆಮಾರಿನ ಓದುಗರು ಆ ಪುಟ ಹಿಡಿದುಕೊಂಡು ಹಳೆ ಪುಸ್ತಕದಂಗಡಿ ಅಲೆದಿದ್ದಾರೆ. ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ನಾನೂ ಅಲೆದಿದ್ದೇನೆ.

ಯಾರಿಂದ ಏನು ಬಂತು ಅಂತ ನೋಡಿ. ಜ್ಯಾಕ್ ವ್ಯಾನ್ಸ್ 1950ರಲ್ಲಿ ಬರೆದ ದ ಡೈಯಿಂಗ್ ಅರ್ತ್‌ನಲ್ಲಿ ಮಂತ್ರವಾದಿಗಳು ಮಂತ್ರವನ್ನು ಬಾಯಿಪಾಠ ಮಾಡಿ ತಲೆಯಲ್ಲಿ ತುಂಬಿಕೊಳ್ತಾರೆ. ಒಮ್ಮೆ ಹೇಳಿದರೆ ಮರೆತೇ ಹೋಗುತ್ತೆ, ಮತ್ತೆ ಓದಬೇಕು. ಕರ್ಣನಿಗೆ ಬೇಕಾದ ಹೊತ್ತಿಗೆ ಅಸ್ತ್ರ ಮರೆತುಹೋದ ಕತೆ ಕೇಳಿ ಬೆಳೆದ ನಮಗೆ ಇದು ಹೊಸದೇನಲ್ಲ. ಆಟದ ಮಂತ್ರವಿದ್ಯೆಯ ನಿಯಮ ಪೂರ್ತಿ ವ್ಯಾನ್ಸ್‌ದು. ಆ ಋಣಕ್ಕೇ ವ್ಯಾನ್ಸ್ ಹೆಸರಿನ ಅಕ್ಷರಗಳನ್ನು ಹಿಂದುಮುಂದು ಮಾಡಿ ವೆಕ್ನಾ ಅಂತ ಒಬ್ಬ ಖಳನಿಗೆ ಹೆಸರಿಟ್ಟರು.

ಪೌಲ್ ಆ್ಯಂಡರ್ಸನ್ ಅವರ ತ್ರೀ ಹಾರ್ಟ್ಸ್ ಆ್ಯಂಡ್ ತ್ರೀ ಲಯನ್ಸ್ 1953ರಲ್ಲಿ ಪತ್ರಿಕೆಯಲ್ಲಿ ಬಂತು, 1961ರಲ್ಲಿ ಪುಸ್ತಕವಾಯ್ತು. ಅದರಲ್ಲಿ ಒಂದು ಟ್ರೋಲ್ ಇದೆ. ಹಸಿರು ಚರ್ಮ, ಉದ್ದ ಮೂಗು, ಕಡಿದರೆ ಕಡಿದ ತುಂಡು ಮತ್ತೆ ಕೂಡಿಕೊಳ್ಳುತ್ತೆ. ಬೆಂಕಿಯಿಂದ ಮಾತ್ರ ಸಾವು. ಯುರೋಪಿನ ಜಾನಪದದ ಟ್ರೋಲ್ ಹೀಗಿರಲಿಲ್ಲ. ಇವತ್ತು ಯಾವುದೇ ಗೇಮ್‌ನಲ್ಲಿ ಗಾಯ ತಾನಾಗಿ ಮಾಯುವ ಟ್ರೋಲ್ ಕಂಡರೆ ಅದು ಆ್ಯಂಡರ್ಸನ್ ಅವರ ಟ್ರೋಲ್.

ಆದರೆ ಪಟ್ಟಿಯಲ್ಲಿ ಒಂದು ಹೆಸರು ಇಲ್ಲ. ಎ. ಇ. ವ್ಯಾನ್ ವೋಗ್ಟ್. ಈ ಗೈರುಹಾಜರಿ ನನ್ನನ್ನು ಬಹಳ ಕಾಡಿದೆ. 1939ರ ಜುಲೈ ತಿಂಗಳ ಅಸ್ಟೌಂಡಿಂಗ್ ಸೈನ್ಸ್ ಫಿಕ್ಷನ್ ಪತ್ರಿಕೆಯಲ್ಲಿ ಅವರ ಬ್ಲ್ಯಾಕ್ ಡಿಸ್ಟ್ರಾಯರ್ ಎಂಬ ಕತೆ ಬಂತು. ಅವರ ಮೊದಲ ವಿಜ್ಞಾನ ಕತೆ. ನಾಶವಾದ ಗ್ರಹವೊಂದರಲ್ಲಿ ಕೊರ್ಲ್ ಎಂಬ ಪ್ರಾಣಿ ಹಸಿದು ಅಲೆಯುತ್ತಾ ಇರುತ್ತೆ. ದೊಡ್ಡ ಕಪ್ಪು ಬೆಕ್ಕಿನಂತಿದೆ, ಭುಜದಿಂದ ಎರಡು ಬಳ್ಳಿಯಂಥ ಬಾಹುಗಳು. ಮನುಷ್ಯರ ಆಕಾಶನೌಕೆ ಇಳಿಯುತ್ತೆ. ಅದು ಸಾಧು ಪ್ರಾಣಿಯ ಹಾಗೆ ನಟಿಸಿ ಒಳಗೆ ಸೇರುತ್ತೆ. ಕತೆ ಶುರುವಾಗೋದೇ ಆ ಪ್ರಾಣಿಯ ಮನಸ್ಸಿನೊಳಗಿಂದ. ಅದರ ಹಸಿವು ಓದುಗನ ಹಸಿವಾಗುತ್ತೆ. ಮೊದಲ ಸಲ ಓದಿದಾಗ ನಾನು ಮನುಷ್ಯರ ಪಕ್ಷದಲ್ಲಿ ಇರಲೇ ಇಲ್ಲ.

1975ರಲ್ಲಿ ಆಟದ ಗ್ರೇಹಾಕ್ ಪುರವಣಿಯಲ್ಲಿ ಡಿಸ್‌ಪ್ಲೇಸರ್ ಬೀಸ್ಟ್ ಎಂಬ ಪ್ರಾಣಿ ಬಂತು. ಕಪ್ಪು ಚಿರತೆಯ ಮೈ, ಭುಜದಿಂದ ಎರಡು ಬಾಹುಗಳು. ಕಾಲು ಮಾತ್ರ ಆರು. ತಾನಿರುವ ಜಾಗದಿಂದ ಸ್ವಲ್ಪ ಪಕ್ಕದಲ್ಲಿ ಇದ್ದ ಹಾಗೆ ಕಾಣುತ್ತೆ ಅನ್ನೋದು ಹೊಸ ಗುಣ. ರೂಪ ಕೊರ್ಲ್‌ನದು. ಆದರೆ ನಾಲ್ಕು ವರ್ಷದ ನಂತರ ಬಂದ ಋಣದ ಪುಟದಲ್ಲಿ ವ್ಯಾನ್ ವೋಗ್ಟ್ ಹೆಸರು ಬರಲಿಲ್ಲ. ಈ ಪ್ರಾಣಿಯನ್ನು ನೆನಪಿಟ್ಟುಕೊಳ್ಳಿ, ಮತ್ತೆ ಇದರ ಹತ್ತಿರ ಬರ್ತೀನಿ.

ಟೋಲ್ಕಿನ್ ವಿಷಯದಲ್ಲಿ ಮಾತ್ರ ಹೀಗೆ ಸುಮ್ಮನೆ ನಡೆಯಲಿಲ್ಲ. ಮೊದಲ ಪುಸ್ತಿಕೆಗಳಲ್ಲಿ ಹಾಬಿಟ್, ಎಂಟ್, ಬಾಲ್‌ರಾಗ್ ಅಂತ ನೇರವಾಗಿ ಅವರ ಪದಗಳೇ ಇದ್ದವು. 1977ರಲ್ಲಿ ಟೋಲ್ಕಿನ್ ಕೃತಿಗಳ ವ್ಯಾಪಾರ ಹಕ್ಕು ಹೊಂದಿದ್ದವರಿಂದ ನೋಟಿಸ್ ಬಂತು. ರಾತ್ರೋರಾತ್ರಿ ಹಾಬಿಟ್ ಹೋಗಿ ಹಾಫ್ಲಿಂಗ್ ಆಯ್ತು, ಎಂಟ್ ಹೋಗಿ ಟ್ರೀಯೆಂಟ್ ಆಯ್ತು, ಬಾಲ್‌ರಾಗ್ ಮುಂದೆ ಬಾಲೋರ್ ಆಯ್ತು. ಓರ್ಕ್ ಮಾತ್ರ ಉಳಿಯಿತು. ಆ ಪದವನ್ನು ಟೋಲ್ಕಿನ್ ಅವರೇ ಹಳೆ ಇಂಗ್ಲಿಷಿನಿಂದ ತಂದಿದ್ದರು. ವಕೀಲರು ಇದ್ದವರ ಪ್ರಾಣಿಗಳಿಗೆ ರಕ್ಷಣೆ ಸಿಕ್ಕಿತು ನೋಡಿ. ಪ್ಲಾಸ್ಟಿಕ್ ಆಟಿಕೆ ಮಾಡಿದವರಿಗೆ ವಕೀಲರಿರಲಿಲ್ಲ.

ಅದೇ 1977ರ ಕೊನೆಯಲ್ಲಿ ಬಂತು ಮಾನ್‌ಸ್ಟರ್ ಮ್ಯಾನುವಲ್. 112 ಪುಟ, ಗಟ್ಟಿ ರಟ್ಟು, 350ಕ್ಕೂ ಹೆಚ್ಚು ಪ್ರಾಣಿಗಳು, ಅಕಾರಾದಿಯಲ್ಲಿ. ಭೂತಗಳ ನಿಘಂಟು ಅನ್ನಿ. ಚಿತ್ರ ಬರೆದವರು ನಾಲ್ವರು: ಡೇವಿಡ್ ಸದರ್‌ಲ್ಯಾಂಡ್, ಡೇವಿಡ್ ಟ್ರ್ಯಾಂಪಿಯರ್, ಟಾಮ್ ವ್ಯಾಮ್ ಮತ್ತು ಜೀನ್ ವೆಲ್ಸ್. ಇವರಲ್ಲಿ ಮೊದಲ ಇಬ್ಬರ ಹೆಸರೂ ಡೇವಿಡ್. ಹೆಚ್ಚಿನ ಕೆಲಸ ಅವರಿಬ್ಬರದೇ.

ಈ ಕೆಲಸ ಹೇಗಿರುತ್ತೆ ಅಂತ ಸ್ವಲ್ಪ ಹೇಳಬೇಕು. ಲೇಖಕನ ಕೆಲಸ ಒಂದು ರೀತಿ ಸುಲಭ. 'ವರ್ಣಿಸಲಾಗದ ಭಯಾನಕ ಆಕೃತಿ' ಅಂತ ಬರೆದು ಲವ್‌ಕ್ರಾಫ್ಟ್ ತಪ್ಪಿಸಿಕೊಳ್ಳಬಹುದು. ಚಿತ್ರಕಾರ ತಪ್ಪಿಸಿಕೊಳ್ಳೋ ಹಾಗಿಲ್ಲ. ಕಾಲು ಎಷ್ಟು, ಮೊಣಕಾಲು ಯಾವ ಕಡೆ ಮಡಚುತ್ತೆ, ಬಾಯಿ ತೆರೆದರೆ ಹಲ್ಲು ಎಲ್ಲಿ, ಆರು ಕಾಲಿನ ಚಿರತೆ ಓಡಿದರೆ ನಡುವಿನ ಕಾಲು ಏನು ಮಾಡುತ್ತೆ, ಎಲ್ಲಕ್ಕೂ ಉತ್ತರ ಕೊಡಬೇಕು. ಅದೂ ಕಪ್ಪು ಶಾಯಿಯಲ್ಲಿ, ಅಂಗೈಯಗಲದ ಜಾಗದಲ್ಲಿ, ಅಗ್ಗದ ಮುದ್ರಣದಲ್ಲಿ ಕರಗಿಹೋಗದ ಗೆರೆಗಳಲ್ಲಿ.

ಸದರ್‌ಲ್ಯಾಂಡ್ ಅವರ ಓರ್ಕ್ ನೋಡಿ. ಟೋಲ್ಕಿನ್ ಪುಸ್ತಕದಲ್ಲಿ ಓರ್ಕ್‌ಗೆ ಹಂದಿಯ ಮೂತಿ ಇಲ್ಲ. ಮಾನ್‌ಸ್ಟರ್ ಮ್ಯಾನುವಲ್‌ನಲ್ಲಿ ಸದರ್‌ಲ್ಯಾಂಡ್ ಹಂದಿ ಮೂತಿ ಬರೆದರು. ಆ ಚಿತ್ರ ಸಮುದ್ರ ದಾಟಿತು. ಇವತ್ತಿಗೂ ಜಪಾನಿನ ಗೇಮ್, ಆ್ಯನಿಮೆಗಳಲ್ಲಿ ಓರ್ಕ್ ಅಂದ್ರೆ ಹಂದಿಮುಖದವನೇ. ಒಂದು ಚಿತ್ರ ಒಂದು ದೇಶದ ಕಲ್ಪನೆಯಲ್ಲಿ ಬೇರುಬಿಟ್ಟಿತು. ಇನ್ನೊಂದು ತಮಾಷೆ ಏನಂದ್ರೆ, ವ್ಯಾನ್ ವೋಗ್ಟ್ ಅವರ ಕೊರ್ಲ್ ತನ್ನ ಸ್ವಂತ ಹೆಸರಿನಲ್ಲೇ ಬದುಕಿರುವುದು ಕೂಡ ಜಪಾನಿನಲ್ಲೇ. ಫೈನಲ್ ಫ್ಯಾಂಟಸಿ ಗೇಮ್ ಸರಣಿಯಲ್ಲಿ ಅದೇ ಹೆಸರು, ಬೆಕ್ಕಿನ ಮೈ ಮತ್ತು ಬಳ್ಳಿಯಂಥ ಉದ್ದ ಮೀಸೆ.

ಈಗ ಟ್ರ್ಯಾಂಪಿಯರ್. ಹುಟ್ಟಿದ್ದು 1954ರಲ್ಲಿ. ಮಾನ್‌ಸ್ಟರ್ ಮ್ಯಾನುವಲ್‌ಗೆ ಚಿತ್ರ ಬರೆಯುವಾಗ ವಯಸ್ಸು ಇಪ್ಪತ್ತಮೂರರ ಆಸುಪಾಸು. ಅವರು ಚಿತ್ರದ ಮೂಲೆಯಲ್ಲಿ ಡಿಎಟಿ ಅಂತ ಮೂರೇ ಅಕ್ಷರದ ಸಹಿ ಹಾಕ್ತಿದ್ರು. ಕಪ್ಪು ಬಿಳುಪನ್ನು ಅವರು ಬಳಸಿದ ರೀತಿ ಮರದಚ್ಚಿನ ಚಿತ್ರಗಳನ್ನು ನೆನಪಿಸುತ್ತೆ. ಆ ಪುಸ್ತಕದಲ್ಲಿ 'ಆರ್' ಅಕ್ಷರಕ್ಕೆ ಬಂದರೆ ಒಂದು ಪದ ಸಿಗುತ್ತೆ. ನಾವು ಅದನ್ನು ಅನುವಾದ ಮಾಡಬೇಕಿಲ್ಲ. ರಾಕ್ಷಸ.

ನಮ್ಮ ರಾಕ್ಷಸ ಲೇಕ್ ಜಿನೀವಾಕ್ಕೆ ಹೇಗೆ ಹೋದ? ರಾಮಾಯಣದ ಅನುವಾದದಿಂದ ಅಂತ ನಾನು ಅಂದುಕೊಂಡಿದ್ದೆ. ಅಲ್ಲ, ಟೀವಿಯಿಂದ. 1974ರ ಡಿಸೆಂಬರ್‌ನಲ್ಲಿ ಕೋಲ್‌ಚಾಕ್: ದ ನೈಟ್ ಸ್ಟಾಕರ್ ಎಂಬ ಅಮೆರಿಕನ್ ಸೀರಿಯಲ್‌ನ ಒಂದು ಕಂತಿನಲ್ಲಿ ಶಿಕಾಗೋ ನಗರದಲ್ಲಿ ರಾಕ್ಷಸನೊಬ್ಬ ಮುದುಕರನ್ನು ತಿನ್ನುತ್ತಾನೆ. ನೋಡುವವರಿಗೆ ಅವರು ಅತ್ಯಂತ ನಂಬುವ ವ್ಯಕ್ತಿಯ ರೂಪದಲ್ಲಿ ಕಾಣಿಸ್ತಾನೆ. ಅವನನ್ನು ಬೇಟೆಯಾಡಲು ಒಬ್ಬ ವೃದ್ಧ ಭಾರತೀಯ ಇದ್ದಾನೆ. ಮಂತ್ರಿಸಿದ ಬಾಣ ಬಿಟ್ಟರೆ ಮಾತ್ರ ರಾಕ್ಷಸನಿಗೆ ಸಾವು. ಸರಿಯಾಗಿ ಒಂದು ವರ್ಷದ ನಂತರ, 1975ರ ಡಿಸೆಂಬರ್‌ನಲ್ಲಿ, ಆಟದ ಕಂಪನಿಯ ಪತ್ರಿಕೆಯಲ್ಲಿ ರಾಕ್ಷಸ ಬಂದ. ಅದೇ ಮಾಯೆ, ಅದೇ ಮಂತ್ರಿಸಿದ ಬಾಣದಿಂದ ಸಾವು. ಆ ಕಂತಿನಿಂದ ತೆಗೆದುಕೊಂಡೆ ಅಂತ ಗೈಗ್ಯಾಕ್ಸ್ ಆಮೇಲೆ ಒಪ್ಪಿಕೊಂಡರು.

ನಂಬಿಗಸ್ತರ ರೂಪದಲ್ಲಿ ಬರೋದು ಅಂದ್ರೆ ಏನು? ಸನ್ಯಾಸಿ ವೇಷದ ರಾವಣ. ಮಂತ್ರಿಸಿದ ಬಾಣ ಅಂದ್ರೆ? ಅದನ್ನೂ ನಾನು ಹೇಳಬೇಕಾಗಿಲ್ಲ. ಎರಡು ಸಾವಿರ ವರ್ಷದ ಕತೆ ಟೀವಿ ಬರಹಗಾರರ ಕೈಯಲ್ಲಿ ಸಿಕ್ಕು, ಬೂಟು ರಿಪೇರಿ ಮಾಡ್ತಿದ್ದವರ ಕೈ ಸೇರಿ, ದಾಳದ ಆಟದಲ್ಲಿ ಬಂದು ಕೂತರೂ ಅದರ ಎರಡು ಎಲುಬು ಹಾಗೇ ಉಳಿದಿವೆ.

ಆದರೆ ಚಿತ್ರ? ಟೀವಿಯ ರಾಕ್ಷಸನಿಗೆ ಮೈತುಂಬ ಕೂದಲಿತ್ತು, ಅಷ್ಟೇ. ಟ್ರ್ಯಾಂಪಿಯರ್ ಬರೆದದ್ದು ಬೇರೆಯೇ. ಹುಲಿಯ ತಲೆ. ಶ್ರೀಮಂತರು ಮನೆಯಲ್ಲಿ ತೊಡುವಂಥ ಉಡುಪು. ಕುರ್ಚಿಯಲ್ಲಿ ಆರಾಮಾಗಿ ಕೂತಿದ್ದಾನೆ. ಕೈಯಲ್ಲಿ ಹೊಗೆಯ ಪೈಪ್. ಕೋರೆಹಲ್ಲು ತೋರಿಸ್ತಿಲ್ಲ, ಕತ್ತಿ ಝಳಪಿಸ್ತಿಲ್ಲ. 'ಬನ್ನಿ, ಕೂತ್ಕೊಳ್ಳಿ, ಊಟ ಮಾಡೋಣ' ಅನ್ನೋ ಭಂಗಿ. ಊಟ ಯಾರು ಅನ್ನೋದು ನೋಡುವವನಿಗೆ ತಡವಾಗಿ ಹೊಳೆಯುತ್ತೆ.

ನಾನು ಚಂದಮಾಮದ ರಾಕ್ಷಸರನ್ನು ನೋಡಿ ಬೆಳೆದವನು. ಶಂಕರ್ ಅವರು ಬರೆದ ಬೇತಾಳ, ಹೆಗಲ ಮೇಲೆ ಹೆಣ ಹೊತ್ತ ವಿಕ್ರಮ, ಅವೇ ನನ್ನ ಕಣ್ಣಿನ ಮೊದಲ ಪಾಠ. ಕರಾವಳಿಯಲ್ಲಿ ಯಕ್ಷಗಾನದ ಬಣ್ಣದ ವೇಷವನ್ನು ಚೌಕಿಯಲ್ಲಿ ಕೂತು ನೋಡಿದ್ದೇನೆ. ಅಕ್ಕಿಹಿಟ್ಟು, ಸುಣ್ಣ ಕಲಸಿದ ಮುದ್ದೆಯಿಂದ ಮುಖದ ಮೇಲೆ ಚಿಟ್ಟಿ ಇಡುತ್ತಾ ಇಡುತ್ತಾ ಗಂಟೆಗಟ್ಟಲೆ ಕೂತು ಮನುಷ್ಯ ರಾಕ್ಷಸನಾಗ್ತಾನೆ. ಆ ರಾಕ್ಷಸ ರಂಗಕ್ಕೆ ಬರುವಾಗ ಆರ್ಭಟ ಇರುತ್ತೆ. ಹಾಗಾಗಿ ಟ್ರ್ಯಾಂಪಿಯರ್ ಅವರ ರಾಕ್ಷಸನನ್ನು ಮೊದಲು ನೋಡಿದಾಗ ನನಗೆ ನಗು ಬಂತು, ಸ್ವಲ್ಪ ಸಿಟ್ಟೂ ಬಂತು. ಇದು ಯಾವ ರಾಕ್ಷಸ, ಇಂಗ್ಲಿಷ್ ದೊರೆ ಇದ್ದ ಹಾಗಿದ್ದಾನಲ್ಲ ಅಂತ. ವರ್ಷಗಳು ಕಳೆದ ಮೇಲೆ ಅನ್ನಿಸಿತು, ಪೈಪ್ ಸೇದುತ್ತಾ ನಮ್ಮನ್ನು ತಿಂದವರ ಚಿತ್ರ ಅಂತ ಓದಿದರೆ ನಮಗೆ ಇದಕ್ಕಿಂತ ಸರಿಯಾದ ರಾಕ್ಷಸ ಸಿಗಲಿಕ್ಕಿಲ್ಲ. ಅವರು ಹಾಗೆ ಯೋಚಿಸಿರಲಿಕ್ಕಿಲ್ಲ. ಆದರೆ ಚಿತ್ರ ನನಗೆ ಹಾಗೆ ಕಾಣುತ್ತೆ.

ಇಲ್ಲಿ ನನ್ನದೊಂದು ಸಣ್ಣ ವಿಷಯ ಹೇಳಬೇಕು. ಕೆಲವು ವರ್ಷಗಳ ಹಿಂದೆ ನಾನು ಒಂದು ಮೊಬೈಲ್ ಗೇಮ್ ಕಂಪನಿಗೆ ಚಿತ್ರ ಬರೆದುಕೊಟ್ಟೆ. ಹನ್ನೊಂದು ರಾಕ್ಷಸರು. ಒಬ್ಬನಿಗೆ ನಮ್ಮ ಬಣ್ಣದ ವೇಷದ ಚಿಟ್ಟಿಯನ್ನೇ ಮುಖದ ಮುಳ್ಳುಗಳಾಗಿ ಮಾಡಿದ್ದೆ. ಒಪ್ಪಂದದಲ್ಲಿ ಸಣ್ಣಕ್ಷರದಲ್ಲಿ ಇತ್ತು: ಚಿತ್ರದ ಸಕಲ ಹಕ್ಕು ಕಂಪನಿಯದು, ಹೆಸರು ಹಾಕುವುದು ಕಂಪನಿಯ ಇಷ್ಟ. ಓದದೆ ಸಹಿ ಮಾಡಿದೆ ಅಂತ ಸುಳ್ಳು ಹೇಳಲ್ಲ. ಓದಿಯೇ ಮಾಡಿದೆ, ಬಾಡಿಗೆ ಕಟ್ಟಬೇಕಿತ್ತು. ಗೇಮ್ ಬಂತು, ನನ್ನ ರಾಕ್ಷಸ ಜಾಹೀರಾತಿನಲ್ಲೂ ಬಂದ. ಹೆಸರುಗಳ ಪಟ್ಟಿಯಲ್ಲಿ ನಾನಿರಲಿಲ್ಲ. ಯಾರದೂ ಕಾನೂನು ತಪ್ಪಲ್ಲ. ಆದರೆ ಆ ದಿನದಿಂದ ನಾನು ಹಳೆ ಪುಸ್ತಕಗಳಲ್ಲಿ ಚಿತ್ರಕ್ಕಿಂತ ಮೊದಲು ಅದರ ಮೂಲೆ ನೋಡ್ತೀನಿ. ಸಹಿ ಇದೆಯಾ ಅಂತ. ಡಿಎಟಿ ಅನ್ನೋ ಮೂರು ಅಕ್ಷರ ಹಾಗೆ ನನಗೆ ಹತ್ತಿರವಾದವು.

ಟ್ರ್ಯಾಂಪಿಯರ್ ಕತೆ ಮುಂದುವರಿಸ್ತೀನಿ. 1978ರಲ್ಲಿ ಪ್ಲೇಯರ್ಸ್ ಹ್ಯಾಂಡ್‌ಬುಕ್ ಬಂತು. ಮುಖಪುಟ ಅವರದು. ದೊಡ್ಡ ದೆವ್ವದ ವಿಗ್ರಹ, ಅದರ ರತ್ನದ ಕಣ್ಣನ್ನು ಕೀಳುತ್ತಿರುವ ಕಳ್ಳರು. ಈ ಆಟದ ಚರಿತ್ರೆಯಲ್ಲಿ ಅತ್ಯಂತ ಪ್ರಸಿದ್ಧ ಚಿತ್ರಗಳಲ್ಲಿ ಇದೊಂದು. 1977ರಿಂದ ಡ್ರ್ಯಾಗನ್ ಪತ್ರಿಕೆಯಲ್ಲಿ ಅವರು ವರ್ಮಿ ಎಂಬ ಕಾಮಿಕ್ ಬರೀತಿದ್ರು. ಸಿಗಾರ್ ಸೇದುವ, ಬಾಜಿ ಕಟ್ಟಿ ಪೂಲ್ ಆಡುವ ಒಂದು ಡ್ರ್ಯಾಗನ್‌ನ ಕತೆ. ಹತ್ತು ವರ್ಷಕ್ಕೂ ಹೆಚ್ಚು ಕಾಲ ಓದುಗರು ಅದಕ್ಕಾಗಿಯೇ ಪತ್ರಿಕೆಯ ಕೊನೆ ಪುಟದಿಂದ ಓದು ಶುರು ಮಾಡ್ತಿದ್ರು.

1988ರ ಏಪ್ರಿಲ್ ಸಂಚಿಕೆಯ ನಂತರ ವರ್ಮಿ ನಿಂತುಹೋಯ್ತು. ಕತೆ ಅರ್ಧದಲ್ಲಿತ್ತು. ಟ್ರ್ಯಾಂಪಿಯರ್ ಅವರಿಗೆ ಕಳಿಸಿದ ಚೆಕ್‌ಗಳು ವಾಪಸ್ ಬಂದವು. ಮಾನ್‌ಸ್ಟರ್ ಮ್ಯಾನುವಲ್‌ನಲ್ಲಿ ಜೊತೆಗೆ ಚಿತ್ರ ಬರೆದ ಟಾಮ್ ವ್ಯಾಮ್ ಅವರ ಸಂಬಂಧಿಯೇ ಆಗಿದ್ದರು, ಬಾವಮೈದುನ. ಅವರ ಮೂಲಕವೂ ಅಭಿಮಾನಿಗಳಿಗೆ ಸುದ್ದಿ ಸಿಗಲಿಲ್ಲ. ತೀರಿಹೋಗಿದ್ದಾರೆ ಅಂತ ಅನೇಕರು ನಂಬಿಬಿಟ್ಟರು.

2002ರಲ್ಲಿ ಇಲಿನಾಯ್ ರಾಜ್ಯದ ಕಾರ್ಬನ್‌ಡೇಲ್ ಊರಿನ ವಿಶ್ವವಿದ್ಯಾಲಯದ ವಿದ್ಯಾರ್ಥಿ ಪತ್ರಿಕೆಯಲ್ಲಿ ಒಂದು ಸಾದಾ ವರದಿ ಬಂತು. ರಾತ್ರಿಪಾಳಿಯ ಟ್ಯಾಕ್ಸಿ ಚಾಲಕನ ಜೊತೆ ಒಂದು ರಾತ್ರಿ ಸುತ್ತಾಟ, ಅಂಥ ಬರಹ. ಚಾಲಕನ ಹೆಸರು, ಫೋಟೋ ಹಾಕಿದ್ದರು. ಡೇವಿಡ್ ಟ್ರ್ಯಾಂಪಿಯರ್. ಬರೆದ ವಿದ್ಯಾರ್ಥಿಗೆ ಈ ಹೆಸರು ಯಾರಿಗೆ ಏನು ಅಂತ ಗೊತ್ತಿರಲಿಲ್ಲ. ಇಂಟರ್ನೆಟ್‌ನಲ್ಲಿ ಅದನ್ನು ಓದಿದ ಅಭಿಮಾನಿಗಳು ಬೆಚ್ಚಿಬಿದ್ದರು. ಮುಂದಿನ ವರ್ಷಗಳಲ್ಲಿ ಹಳೆ ಕಂಪನಿಗಳವರು, ಅಭಿಮಾನಿಗಳು ಅವರನ್ನು ಸಂಪರ್ಕಿಸಲು ನೋಡಿದರು. ಅವರು ಹಿಂದಿರುಗಲು ಒಪ್ಪಲಿಲ್ಲ. ಜನ ಅವರ ಚಿತ್ರದ ಟೀ ಶರ್ಟ್ ಹಾಕಿಕೊಂಡು ಓಡಾಡ್ತಿದ್ದ ಕಾಲದಲ್ಲಿ ಅವರು ರಾತ್ರಿ ಹೊತ್ತು ಕುಡಿದ ವಿದ್ಯಾರ್ಥಿಗಳನ್ನು ಹಾಸ್ಟೆಲಿಗೆ ಬಿಡ್ತಿದ್ರು.

ಕೊನೆಗೆ ಕಾಯಿಲೆ ಬಂತು, ಕೆಲಸವೂ ಹೋಯ್ತು. ಆಗ ಆ ಊರಿನ ಒಂದು ಗೇಮ್ ಅಂಗಡಿಯವರ ಜೊತೆ ಮಾತು ಶುರುವಾಯಿತು. ಊರಿನಲ್ಲೇ ನಡೆಯುವ ಸಣ್ಣ ಗೇಮ್ ಮೇಳದಲ್ಲಿ ತಮ್ಮ ಮೂಲ ಚಿತ್ರಗಳನ್ನು ಪ್ರದರ್ಶನಕ್ಕೆ ಇಡಲು ಒಪ್ಪಿದರು. 26 ವರ್ಷಗಳ ನಂತರ ಮೊದಲ ಸಲ. ಮೇಳ ಇನ್ನು ಕೆಲವೇ ವಾರ ಇತ್ತು. 2014ರ ಮಾರ್ಚ್ 24ರಂದು ಅವರು ತೀರಿಕೊಂಡರು. ವಯಸ್ಸು 59.

ಇನ್ನೊಬ್ಬ ಡೇವಿಡ್, ಸದರ್‌ಲ್ಯಾಂಡ್, 2005ರಲ್ಲೇ ಹೋಗಿದ್ದರು. ಆಟದ ಜನಕರಲ್ಲಿ ಒಬ್ಬರಾದ ಆರ್ನೆಸನ್ ತಮ್ಮ ಹೆಸರು ಮತ್ತು ರಾಯಧನಕ್ಕಾಗಿ 1979ರಲ್ಲಿ ಕಂಪನಿಯ ಮೇಲೆ ಕೋರ್ಟಿಗೆ ಹೋಗಬೇಕಾಯ್ತು. 1981ರಲ್ಲಿ ರಾಜಿಯಾಯಿತು. ಆಟ ಕಟ್ಟಿದವರೇ ಹೆಸರಿಗಾಗಿ ಕೋರ್ಟು ಹತ್ತಬೇಕಾದ ಮೇಲೆ ಚಿತ್ರ ಬರೆದವರ ಗತಿ ಕೇಳಬೇಕೆ?

ಈಗ ಆ ಆರು ಕಾಲಿನ ಚಿರತೆಯ ಹತ್ತಿರ ಹೋಗೋಣ. 2000ನೇ ಇಸವಿಯಲ್ಲಿ ಆಟದ ಹೊಸ ಮಾಲೀಕರಾದ ವಿಝರ್ಡ್ಸ್ ಆಫ್ ದ ಕೋಸ್ಟ್ ಕಂಪನಿ ಒಂದು ಒಳ್ಳೆ ಕೆಲಸ ಮಾಡಿತು. ಆಟದ ನಿಯಮಗಳನ್ನು, ಬಹುತೇಕ ಪ್ರಾಣಿಗಳನ್ನು ಯಾರು ಬೇಕಾದರೂ ಬಳಸಿಕೊಳ್ಳಿ ಅಂತ ಮುಕ್ತವಾಗಿ ಬಿಟ್ಟಿತು. ಆದರೆ ಕೆಲವು ಹೆಸರುಗಳನ್ನು ಮಾತ್ರ ತನ್ನ ಸ್ವತ್ತು ಅಂತ ಇಟ್ಟುಕೊಂಡಿತು. ಆ ಚಿಕ್ಕ ಪಟ್ಟಿಯಲ್ಲಿ ಬಿಹೋಲ್ಡರ್ ಇದೆ, ಮೈಂಡ್ ಫ್ಲೇಯರ್ ಇದೆ, ಮತ್ತೆ ಡಿಸ್‌ಪ್ಲೇಸರ್ ಬೀಸ್ಟ್ ಇದೆ. ವ್ಯಾನ್ ವೋಗ್ಟ್ ಅವರ ಬೆಕ್ಕಿನ ಮೊಮ್ಮಗ, ಯಾರೂ ಮುಟ್ಟಬಾರದು. ರಾಕ್ಷಸ? ಅವನು ಮುಕ್ತ ಪಟ್ಟಿಯಲ್ಲಿದ್ದಾನೆ. ಯಾರು ಬೇಕಾದರೂ ಬಳಸಬಹುದು. ಅದು ಸರಿಯಾಗೇ ಇದೆ. ರಾಕ್ಷಸನಿಗೆ ಮಾಲೀಕ ಎಲ್ಲಿಂದ ಬರಬೇಕು?

ಸಾಲ ತರೋದು ತಪ್ಪು ಅಂತ ನಾನು ಹೇಳ್ತಿಲ್ಲ, ಗಮನಿಸಿ. ವಾಲ್ಮೀಕಿಯಿಂದ ಕುವೆಂಪು ತನಕ ಎಲ್ಲರೂ ಅದೇ ಕತೆ ಹೇಳಿದವರೇ. ಕಲ್ಪನೆ ಹೀಗೆ ಕೈಯಿಂದ ಕೈಗೆ ಹೋಗದಿದ್ದರೆ ಒಣಗಿಹೋಗುತ್ತೆ. ನನ್ನ ತಕರಾರು ಇಷ್ಟೇ: ತಂದದ್ದನ್ನು ತಂದೆ ಅಂತ ಹೇಳಿ, ಮಾಡಿದವರ ಹೆಸರು ಹಾಕಿ. ಅನುಬಂಧ ಎನ್ ಅನ್ನೋ ಆ ಒಂದು ಪುಟವನ್ನು ಜನ ಯಾಕೆ ಇಷ್ಟು ಪ್ರೀತಿಸ್ತಾರೆ ಅಂದ್ರೆ, ಅದು ಆ ಕೆಲಸ ಮಾಡಿತು. ಪೂರ್ತಿ ಮಾಡಲಿಲ್ಲ, ಆದರೂ ಮಾಡಿತು.

ಇದನ್ನು ಇವತ್ತು ಯಾಕೆ ಹೇಳ್ತಿದ್ದೀನಿ? 2023ರ ಆಗಸ್ಟ್‌ನಲ್ಲಿ ಇದೇ ಆಟದ ಹೊಸ ಪುಸ್ತಕವೊಂದರಲ್ಲಿ ದೈತ್ಯರ ಚಿತ್ರಗಳು ಬಂದವು. ಓದುಗರು ಒಂದು ಕಾಲು, ಒಂದು ಪಾದ ನೋಡಿ ಅನುಮಾನಪಟ್ಟರು. ಕಲಾವಿದ ಕೆಲವು ಭಾಗಗಳಿಗೆ ಎಐ ಬಳಸಿದ್ದಾಗಿ ಒಪ್ಪಿಕೊಂಡರು. ಕಂಪನಿ ಇನ್ನು ಮುಂದೆ ಎಐ ಬಳಸಬಾರದು ಅಂತ ಕಲಾವಿದರಿಗೆ ಹೇಳಿತು. ಒಂದು ಪಾದ ನೋಡಿ ಹಿಡಿದವರು ಓದುಗರು, ಅದನ್ನು ಗಮನಿಸಿ. ಮೊಣಕಾಲು ಯಾವ ಕಡೆ ಮಡಚುತ್ತೆ ಅನ್ನೋ ಪ್ರಶ್ನೆ 1977ರಲ್ಲಿ ಇಬ್ಬರು ಡೇವಿಡ್‌ಗಳ ಮುಂದೆ ಇದ್ದದ್ದೇ. ಅವರು ಕೂತು ಯೋಚಿಸಿ ಉತ್ತರ ಕೊಟ್ಟರು. ಸಾವಿರಾರು ಕಲಾವಿದರ ಚಿತ್ರ ನುಂಗಿ ಬೆಳೆದ ಯಂತ್ರಕ್ಕೆ ಆ ಪ್ರಶ್ನೆ ಇದೆ ಅನ್ನೋದೇ ಗೊತ್ತಿಲ್ಲ. ಅದು ನುಂಗಿದ ಚಿತ್ರಗಳ ಮೂಲೆಯಲ್ಲಿ ಸಹಿಗಳೂ ಇದ್ದವು.

ಕೊನೆಯದಾಗಿ ನಮ್ಮ ಕಡೆಯದೊಂದು ಮಾತು ಹೇಳಿ ಮುಗಿಸ್ತೀನಿ. ಸೋಮನಾಥಪುರಕ್ಕೆ ಹೋದಾಗ ಗೈಡ್‌ಗಳು ಮೇಲೆ ನೋಡಿ ಅಂತಾರೆ. ಒಮ್ಮೆ ಕೆಳಗೂ ನೋಡಿ. ಮೂರ್ತಿಗಳ ಪಾದದ ಕೆಳಗೆ ಹೊಯ್ಸಳರ ಶಿಲ್ಪಿಗಳು ಹಳಗನ್ನಡದಲ್ಲಿ ತಮ್ಮ ಹೆಸರು ಕೆತ್ತಿದ್ದಾರೆ. ಮಲ್ಲಿತಮ್ಮ ಅನ್ನೋ ಹೆಸರು ಅಲ್ಲಿ ಮತ್ತೆ ಮತ್ತೆ ಸಿಗುತ್ತೆ. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜನ ಹೆಸರಿದೆ. ಎಂಟು ನೂರು, ಒಂಬೈನೂರು ವರ್ಷ ಆಯ್ತು. ದೇವರನ್ನೂ ಮಕರವನ್ನೂ ಕೆತ್ತಿದ ಆ ಜನ, ಕತೆ ತಮ್ಮದಲ್ಲ ಅಂತ ಗೊತ್ತಿದ್ದೂ, ಕೈ ತಮ್ಮದು ಅಂತ ಬರೆದಿಟ್ಟು ಹೋದರು. ರಾಜ ಅದನ್ನು ಅಳಿಸಲಿಲ್ಲ.

ಮುಂದಿನ ಸಲ ನಿಮ್ಮ ಮಗ ಅಥವಾ ಮಗಳು ಗೇಮ್ ಗೆದ್ದು, ಕೊನೆಯಲ್ಲಿ ಹೆಸರುಗಳು ಮೇಲೆ ಓಡುವಾಗ, ಸ್ಕಿಪ್ ಒತ್ತಬೇಡ ಅಂತ ಹೇಳಿ. ಎರಡು ನಿಮಿಷ ಆಗುತ್ತೆ ಅಷ್ಟೇ. ಅವರಿಗೆ ಇಷ್ಟವಾದ ರಾಕ್ಷಸನನ್ನು ಬರೆದವರು ಯಾರು ಅಂತ ಹುಡುಕೋಕೆ ಹೇಳಿ. ಹೆಸರು ಸಿಕ್ಕರೆ ನಮಗೂ ಬರೆದು ಕಳಿಸಿ, ಇಲ್ಲಿ ಓದ್ತೀನಿ. ಸಿಗದಿದ್ದರೂ ಬರೆಯಿರಿ.